ಹಳೆಯ ಸ್ಪೋರ್ಟ್ಸ್ ಕಾರಿನ ದುರಸ್ತಿ ಮತ್ತು ‘ಮೂಲರೂಪ’ದ ಪ್ರಶ್ನೆ: ಘಟ್ಟದ ಮೇಲಿನ ನಾಲ್ಕು ತಾಲೂಕುಗಳ ನೆಲೆಯಿಂದ ಒಂದು ವಿವೇಚನೆ

1. ಪ್ರಸ್ತಾವನೆ

ಶಾಸನ, ನಾಣ್ಯ, ಕಡತ, ಪ್ರವಾಸಿಗರ ಬರಹ ಮೊದಲಾದವು ಚರಿತ್ರೆಯ ಆಕರಗಳೆಂಬುದು ಸರ್ವವಿದಿತ. ಯಂತ್ರವೂ ಒಂದು ಆಕರವಾಗಬಲ್ಲುದೆಂಬ ಮಾತು ನಮ್ಮ ತರಗತಿಗಳಲ್ಲಿ ಇನ್ನೂ ಅಪರೂಪವೇ. ಯಂತ್ರದ ಪ್ರಸ್ತಾಪ ಬಂದಾಗ ಅದನ್ನು ಯಾರು ಕಂಡುಹಿಡಿದರು, ಯಾವ ಕಾರ್ಖಾನೆ ತಯಾರಿಸಿತು ಎಂದು ಕೇಳುತ್ತೇವೆ. ಅದು ಕೆಟ್ಟಾಗ ಯಾರು ಸರಿಪಡಿಸಿದರು, ಯಾವ ಸಾಮಗ್ರಿಯಿಂದ ಸರಿಪಡಿಸಿದರು ಎಂದು ಕೇಳುವವರು ವಿರಳ. ಆದರೆ ಯಂತ್ರವೊಂದು ಕಾರ್ಖಾನೆಯಲ್ಲಿ ಕಳೆಯುವುದು ಕೆಲವೇ ದಿನಗಳನ್ನು. ಉಳಿದ ಐವತ್ತು ಅರುವತ್ತು ವರ್ಷಗಳನ್ನು ಅದು ಒಡೆಯನ ಮನೆಯಲ್ಲಿಯೂ ಮೇಸ್ತ್ರಿಯ ಗ್ಯಾರೇಜಿನಲ್ಲಿಯೂ ಕಳೆಯುತ್ತದೆ.

ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಮೊದಲ ಬಾರಿಗೆ ಕೊಂಡವನು ಅದರ ದುರಸ್ತಿಗೆ ಕೈಹಾಕಿದಾಗ ಎದುರಾಗುವ ಸಮಸ್ಯೆಗಳನ್ನು ಚರಿತ್ರೆಯ ವಿದ್ಯಾರ್ಥಿಯ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಅಂಥ ಒಡೆಯನು ಬೇಗನೆ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತಾನೆ: ಈ ಕಾರಿನ ‘ಮೂಲರೂಪ’ ಯಾವುದು? ಈ ಪ್ರಶ್ನೆಗೆ 2021ರಿಂದೀಚೆಗೆ ಕಾನೂನಿನ ಮಹತ್ತ್ವವೂ ಒದಗಿದೆ. ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲೂಕುಗಳನ್ನು ನೆಲೆಯಾಗಿ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಇಲ್ಲಿ ಸ್ಪೋರ್ಟ್ಸ್ ಕಾರು ಎಂದೂ ತಯಾರಾಗಲಿಲ್ಲ; ಆದರೆ ಅದನ್ನು ಸರಿಪಡಿಸಲು ಬೇಕಾದ ಮರ, ಮಳೆ, ಗಡಿ ಮತ್ತು ಕೈಗಳ ಚರಿತ್ರೆ ಇಲ್ಲಿ ಒಟ್ಟಿಗೆ ಕಾಣಸಿಗುತ್ತದೆ.

2. ಸೀಮೆಯ ಗಾಲಿಗಳು

ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿ, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಿತು. ಈ ದೀರ್ಘಾವಧಿಯಲ್ಲಿ ಘಟ್ಟದ ಮೇಲಿನ ಕಾಡಿನಿಂದ ಹೊರಟ ಮುಖ್ಯ ಸರಕು ತೇಗದ ಮರವೇ ಆಗಿತ್ತು. ಎತ್ತಿನ ಗಾಡಿ, ಬಳಿಕ ಅಳ್ನಾವರ–ದಾಂಡೇಲಿ ರೈಲು ದಾರಿ, ಅನಂತರ ಲಾರಿ, ಹೀಗೆ ಮರವನ್ನು ಹೊರುವ ಸಾಧನಗಳು ಬದಲಾಗುತ್ತ ಬಂದವು. 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸಂಸ್ಥೆಯು 1959ರಲ್ಲಿ ದಾಂಡೇಲಿಯಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಬಿದಿರು ಮತ್ತು ಕಟ್ಟಿಗೆಯ ಸಾಗಣೆಗೆ ಲಾರಿಗಳು ಅವಶ್ಯವಾದವು. ಮುಂದೆ ಕಾಳೀ ಜಲವಿದ್ಯುತ್ ಯೋಜನೆಯ ಕೆಲಸ ಬಂದಿತು. ಸೂಪಾ ಜಲಾಶಯದಲ್ಲಿ ಹಳೆಯ ಸೂಪಾ ಊರು ಮುಳುಗಿ, ತಾಲೂಕಿನ ಕೇಂದ್ರ ಜೋಯಿಡಾಕ್ಕೆ ಬಂದಿತು. ಮುಂಡಗೋಡದಲ್ಲಿ 1966ರಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ಆರಂಭವಾಗಿ, ಕಾಡು ಕಡಿದ ನೆಲದ ಕೃಷಿಗೆ ಟ್ರ್ಯಾಕ್ಟರು ಬಂದಿತು.

ಲಾರಿ, ಜೀಪು, ಟ್ರ್ಯಾಕ್ಟರು, ಈ ಮೂರರ ಮೇಲೆ ಇಲ್ಲಿಯ ಮೇಸ್ತ್ರಿಗಳ ವಿದ್ಯೆ ಬೆಳೆಯಿತು. ದೊಡ್ಡ ಪಟ್ಟಣ ದೂರ, ಮಳೆಗಾಲ ದೀರ್ಘ. ಬಿಡಿಭಾಗ ಬರುವವರೆಗೆ ಗಾಡಿಯನ್ನು ನಿಲ್ಲಿಸಿಡುವುದು ಗುತ್ತಿಗೆದಾರನಿಗೆ ನಷ್ಟ. ಇಂಥಲ್ಲಿ ಮುರಿದುದನ್ನು ಬೆಸೆಯುವುದು, ಸವೆದುದನ್ನು ಲೇಥಿನ ಮೇಲೆ ತಿರುವುವುದು, ಒಂದು ಗಾಡಿಯ ಭಾಗವನ್ನು ಇನ್ನೊಂದಕ್ಕೆ ಹೊಂದಿಸುವುದು ದಿನನಿತ್ಯದ ಕೆಲಸವಾಗುತ್ತದೆ. ಇಂದು ಈ ಸೀಮೆಯಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಕೊಂಡವನೂ ಕೊನೆಗೆ ಹೋಗಿ ನಿಲ್ಲಬೇಕಾದದ್ದು ಇವೇ ಕೈಗಳ ಮುಂದೆ.

3. ಆಮದಿನ ನೀತಿ ಮತ್ತು ಅಣಮೋಡದ ಗಡಿ

ಭಾರತದಲ್ಲಿ ಹಳೆಯ ಕಾರುಗಳ ದುರಸ್ತಿಯ ಸ್ವರೂಪವನ್ನು ನಿರ್ಣಯಿಸಿದ್ದು ಆಮದಿನ ನೀತಿ. ಜನರಲ್ ಮೋಟಾರ್ಸ್ ಸಂಸ್ಥೆಯು 1928ರಿಂದ ಮುಂಬಯಿಯಲ್ಲಿ ಕಾರುಗಳನ್ನು ಜೋಡಿಸುತ್ತಿತ್ತು. ಫೋರ್ಡ್ ಸಂಸ್ಥೆಯೂ ಸ್ವಲ್ಪ ಕಾಲಾನಂತರ ಬಂದಿತು. ಸ್ವಾತಂತ್ರ್ಯದ ನಂತರ ಸಂಪೂರ್ಣ ಸಿದ್ಧವಾದ ಕಾರುಗಳ ಆಮದನ್ನು ಸರಕಾರ ನಿರ್ಬಂಧಿಸಿತು. ದೇಶದಲ್ಲಿಯೇ ಬಿಡಿಭಾಗಗಳನ್ನು ತಯಾರಿಸುವ ಯೋಜನೆಯುಳ್ಳವರಿಗೆ ಮಾತ್ರ ಅವಕಾಶವಿರಬೇಕೆಂಬ ಸುಂಕ ಆಯೋಗದ 1953ರ ಶಿಫಾರಸಿನ ಬಳಿಕ ಈ ಎರಡು ಸಂಸ್ಥೆಗಳೂ ಜೋಡಣೆಯನ್ನು ನಿಲ್ಲಿಸಿದವು. ಆ ಮೇಲೆ ದಶಕಗಳವರೆಗೆ ಕಾರಿನ ಪೇಟೆಯನ್ನು ಆಳಿದವು ಹಿಂದುಸ್ತಾನ್ ಮೋಟಾರ್ಸ್, ಪ್ರೀಮಿಯರ್ ಆಟೊಮೊಬೈಲ್ಸ್ ಮತ್ತು ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಎಂಬ ಮೂರು ಕಾರ್ಖಾನೆಗಳು. ಇವುಗಳಿಗೆ ಸೇರದ ವಿದೇಶೀ ಗಾಡಿಯು ದೇಶದೊಳಗೆ ಉಳಿದರೂ ಅದರ ಬಿಡಿಭಾಗಗಳ ದಾರಿ ಮುಚ್ಚಿಹೋಯಿತು.

ಜೋಯಿಡಾ ತಾಲೂಕಿನ ಸ್ಥಿತಿ ಇಲ್ಲಿ ವಿಶೇಷವಾದದ್ದು. ಅಣಮೋಡ ಮತ್ತು ಕ್ಯಾಸಲ್‌ರಾಕ್ 1961ರ ಡಿಸೆಂಬರ್‌ವರೆಗೆ ಅಂತಾರಾಷ್ಟ್ರೀಯ ಗಡಿಯ ಮೇಲಿದ್ದವು. ಗಡಿಯ ಆಚೆ ಪೋರ್ತುಗೀಜರ ಗೋವೆಯಲ್ಲಿ ಆಮದು ಸುಲಭವಾಗಿದ್ದು, ಯುರೋಪಿನ ಕಾರುಗಳು ದೊರೆಯುತ್ತಿದ್ದವು. ಈಚೆ ಅವು ದುರ್ಲಭ. ಗಮನಾರ್ಹವಾದ ಇನ್ನೊಂದು ಸಂಗತಿಯೂ ಉಂಟು. ಪೋರ್ತುಗಲ್ 1928ರಲ್ಲಿ ರಸ್ತೆಯ ಬಲಗಡೆಯ ಸಂಚಾರಕ್ಕೆ ಬದಲಾದರೂ, ನೆರೆಯ ಬ್ರಿಟಿಷ್ ಭಾರತದ ರಸ್ತೆಗಳೊಡನೆ ಹೊಂದಿಕೊಳ್ಳಬೇಕಾಗಿದ್ದ ಗೋವೆ ಎಡಗಡೆಯಲ್ಲಿಯೇ ಉಳಿಯಿತು. ರಾಜ್ಯಗಳು ಬೇರೆಯಾದರೂ ರಸ್ತೆಯ ರೂಢಿ ಒಂದೇ ಆಗಿತ್ತು. 1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಗೊಂಡಾಗ ಅಲ್ಲಿದ್ದ ಕಾರುಗಳೂ ಭಾರತದ ಆಮದು ನೀತಿಯ ವ್ಯಾಪ್ತಿಗೆ ಬಂದವು. ಅಂದಿನಿಂದ ಅವುಗಳ ಆಯುಷ್ಯವೂ ಮೇಸ್ತ್ರಿಯ ಜಾಣ್ಮೆಯನ್ನೇ ಅವಲಂಬಿಸಬೇಕಾಯಿತು.

4. ಒಂದು ಬೋಲ್ಟಿನ ಸಾಕ್ಷ್ಯ

ಎರಡನೆಯ ಮಹಾಯುದ್ಧದ ನಂತರ ಇಂಗ್ಲೆಂಡಿನಿಂದ ಹೊರನಾಡುಗಳಿಗೆ ಹೋದ ಸಣ್ಣ ಸ್ಪೋರ್ಟ್ಸ್ ಕಾರುಗಳಲ್ಲಿ ಎಂ.ಜಿ. ಪ್ರಸಿದ್ಧವಾದುದು. (ಇಂದು ಭಾರತದ ರಸ್ತೆಗಳಲ್ಲಿ ಅದೇ ಹೆಸರಿನಿಂದ ಓಡುವ ಕಾರುಗಳು 2019ರ ಅನಂತರದವು, ಹೆಸರಿನ ಒಡೆತನ ಚೀನದ ಸಂಸ್ಥೆಯೊಂದರದು.) 1945ರಿಂದ 1949ರವರೆಗೆ ಆ್ಯಬಿಂಗ್‌ಡನ್ ಊರಿನಲ್ಲಿ ತಯಾರಾದ ಎಂ.ಜಿ. ಟಿ.ಸಿ. ಎಂಬ ಮಾದರಿ ಸುಮಾರು 10,000ದಷ್ಟು ಹೊರಬಂದಿತು. ಅದರ ಇಂಜಿನ್ 1,250 ಘನ ಸೆಂಟಿಮೀಟರಿನದು. ಭಾರತಕ್ಕೂ ಕೆಲವು ಬಂದವು.

ಈ ಇಂಜಿನ್ನಿನ ಬೋಲ್ಟೊಂದನ್ನು ಬಿಚ್ಚಿದ ಹೊಸ ಒಡೆಯನು ಮೊದಲು ಗಲಿಬಿಲಿಗೊಳ್ಳುತ್ತಾನೆ. ಬೋಲ್ಟಿನ ತಲೆಗೆ ಇಂಗ್ಲಿಷರ ವ್ಹಿಟ್‌ವರ್ತ್ ಅಳತೆಯ ಪಾನಾ ಸರಿಹೊಂದುತ್ತದೆ. ಆದರೆ ಅದರ ಥ್ರೆಡ್ಡು ಮೆಟ್ರಿಕ್ ಪದ್ಧತಿಯದು. ಮೆಟ್ರಿಕ್ ಎಂದುಕೊಂಡು ಇಂದಿನ ಅಂಗಡಿಯ 8 ಮಿಲಿಮೀಟರ್ ಬೋಲ್ಟನ್ನು ತಂದರೆ ಅದೂ ಕೂಡುವುದಿಲ್ಲ. ಇಂದಿನ ಸಾಮಾನ್ಯ ಬೋಲ್ಟಿನಲ್ಲಿ ಒಂದು ಸುತ್ತಿನಿಂದ ಇನ್ನೊಂದಕ್ಕೆ ಅಂತರ 1.25 ಮಿಲಿಮೀಟರ್, ಹಳೆಯದರಲ್ಲಿ 1 ಮಿಲಿಮೀಟರ್. ಬಲವಂತದಿಂದ ತಿರುಗಿಸಿದರೆ ಇಂಜಿನ್ನಿನ ಒಳಗಿನ ಥ್ರೆಡ್ಡೇ ಹಾಳಾಗುತ್ತದೆ.

ಈ ವಿಚಿತ್ರ ಸಂಯೋಗದ ಕಾರಣ ಚರಿತ್ರೆಯಲ್ಲಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಹಾಚ್‌ಕಿಸ್ ಎಂಬ ಆಯುಧ ಸಂಸ್ಥೆಯು ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಕಾರ್ಖಾನೆ ತೆರೆಯಿತು. 1923ರಲ್ಲಿ ಅದನ್ನು ಮಾರಿಸ್ ಸಂಸ್ಥೆ ಕೊಂಡಿತು. ಅಲ್ಲಿದ್ದ ಫ್ರೆಂಚ್ ಯಂತ್ರಗಳು ಮೆಟ್ರಿಕ್ ಥ್ರೆಡ್ಡನ್ನೇ ಕೊರೆಯುತ್ತಿದ್ದವು. ಆದರೆ ಗಿರಾಕಿಯ ಕೈಯಲ್ಲಿದ್ದದ್ದು ಇಂಗ್ಲಿಷ್ ಪಾನಾ. ಆದ್ದರಿಂದ ಒಳಗೆ ಫ್ರೆಂಚ್ ಅಳತೆಯೂ ಹೊರಗೆ ಇಂಗ್ಲಿಷ್ ಅಳತೆಯೂ ಉಳಿದುಕೊಂಡವು. ಯುದ್ಧ, ಕೈಬದಲಾದ ಕಾರ್ಖಾನೆ, ಗಿರಾಕಿಯ ರೂಢಿ, ಈ ಮೂರೂ ಆ ಒಂದು ಬೋಲ್ಟಿನಲ್ಲಿ ದಾಖಲಾಗಿವೆ. ಶುದ್ಧವೂ ಏಕರೂಪವೂ ಆದ ‘ಮೂಲ’ವನ್ನು ಹುಡುಕಹೊರಟವನಿಗೆ ಕಾರ್ಖಾನೆಯ ಬಾಗಿಲಲ್ಲಿಯೇ ಮಿಶ್ರಣ ಎದುರಾಗುತ್ತದೆಂಬುದು ಇಲ್ಲಿ ವಿದಿತವಾಗುತ್ತದೆ.

5. ಮರ, ತಗಡು, ಫೈಬರು

ಟಿ.ಸಿ. ಮಾದರಿಯ ಮೈಕಟ್ಟು ತಗಡಿನದಾಗಿ ಕಂಡರೂ ಅದರ ಒಳಗಿನ ಚೌಕಟ್ಟು ಆಶ್ ಎಂಬ ಮರದ್ದು. ಆಶ್ ಗಟ್ಟಿಯಾದುದು, ಚೆನ್ನಾಗಿ ಬಾಗುವಂಥದು. ಆದರೆ ತೇವದಲ್ಲಿ ಬೇಗನೆ ಕೊಳೆಯುತ್ತದೆ, ಗೆದ್ದಲನ್ನು ತಡೆಯದು. ಜೋಯಿಡಾದಂಥ ಮಳೆಯ ನಾಡಿನಲ್ಲಿ ಅಂಥ ಚೌಕಟ್ಟಿನ ಗತಿ ಏನೆಂಬುದನ್ನು ಹೇಳಬೇಕಾಗಿಲ್ಲ. ಚೌಕಟ್ಟು ಶಿಥಿಲವಾದ ಕಾರಿನ ಬಾಗಿಲು ಮುಚ್ಚಿದರೂ ಕೂಡುವುದಿಲ್ಲ. ಹೊಸ ಒಡೆಯನು ಬಾಗಿಲಿನ ಕೀಲನ್ನು ದೂರುತ್ತಾನೆ, ದೋಷವಿರುವುದು ಮರದಲ್ಲಿ.

ಇದಕ್ಕೆ ನಮ್ಮ ಸೀಮೆಯ ಬಡಿಗನು ಕೊಡುವ ಸಹಜವಾದ ಉತ್ತರ ತೇಗ. ತೇಗದಲ್ಲಿ ಸ್ವಾಭಾವಿಕವಾದ ಎಣ್ಣೆಯ ಅಂಶವಿದ್ದು ಅದು ಗೆದ್ದಲನ್ನೂ ಕೊಳೆತವನ್ನೂ ತಡೆಯುತ್ತದೆ. ಋತು ಬದಲಾದಾಗ ಹಿಗ್ಗುವುದು ಕುಗ್ಗುವುದು ಕಡಿಮೆ. ಬಾಗುವ ಗುಣದಲ್ಲಿ ಮಾತ್ರ ಆಶ್ ಮೇಲು; ಹೀಗಾಗಿ ತಿರುವಿನ ಭಾಗಗಳನ್ನು ಬಡಿಗನು ತುಂಡುಗಳಾಗಿ ಕೊರೆದು ಸೇರಿಸಬೇಕಾಗುತ್ತದೆ. ತೇಗದ ಚೌಕಟ್ಟು ಕಾರ್ಖಾನೆಯ ದೃಷ್ಟಿಯಿಂದ ‘ಅನ್ಯ’. ಆದರೆ ಈ ಹವೆಯಲ್ಲಿ ಕಾರು ಉಳಿಯುವುದಾದರೆ ಉಳಿಯುವುದು ಅದರಿಂದಲೇ.

ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇನ್ನೊಂದು ಉದಾಹರಣೆ. ಇದು ಸಂಸಾರದ ಕಾರೇ ಹೊರತು ಸ್ಪೋರ್ಟ್ಸ್ ಕಾರಲ್ಲ. ಆದರೆ ಇದರ ಮೂಲವಾದ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡಿನ ಚಾಸಿಯನ್ನೇ ಮೊಟಕುಗೊಳಿಸಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ರೂಪಿಸಲಾಯಿತು. ಎರಡರ ರೇಖೆಗಳೂ ಇಟಲಿಯ ಮಿಕೆಲೊಟ್ಟಿಯವು. ಇಂಥ ಕಾರು ಕೊಂಡವನಿಗೆ ಚಾಸಿ ಬೇರೆ, ಮೈ ಬೇರೆ ಆಗಿರುವುದು ಅನುಕೂಲ. ಮುಂಭಾಗದ ಬಾನೆಟ್ಟು ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುವುದರಿಂದ ಇಂಜಿನ್ನು ಮುಂಗಾಲಿಗಳೆಲ್ಲ ಕೈಗೆ ಸಿಗುತ್ತವೆ. ಆದರೆ ಮುಂಗಾಲಿ ತಿರುಗುವ ಕೀಲಿನಲ್ಲಿ ಟ್ರನಿಯನ್ ಎಂಬ ಥ್ರೆಡ್ಡುಳ್ಳ ಭಾಗವುಂಟು. ಅದಕ್ಕೆ ಹಾಕಬೇಕಾದದ್ದು ಗೇರಿನ ಎಣ್ಣೆ. ಲಾರಿಯ ರೂಢಿಯಂತೆ ಗ್ರೀಸು ತುಂಬುತ್ತ ಬಂದರೆ ಒಳಗೆ ತುಕ್ಕು ಹಿಡಿದು, ಕೊನೆಗೆ ಕೀಲು ಮುರಿದು ಗಾಲಿ ಕಳಚಬಹುದು. ಲಾರಿಯ ಮೇಲೆ ಕಲಿತ ವಿದ್ಯೆ ಎಲ್ಲಿಯವರೆಗೆ ಸಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಇದು ನಿದರ್ಶನ.

ಮೂರನೆಯದು ನಮ್ಮ ರಾಜ್ಯಕ್ಕೆ ಸಂಬಂಧಿಸಿದ್ದು. ಬೆಂಗಳೂರಿನ ಸ್ಯಾನ್ ಸಮೂಹವು 1990ರ ದಶಕದ ಕೊನೆಯಲ್ಲಿ ‘ಸ್ಯಾನ್ ಸ್ಟಾರ್ಮ್’ ಎಂಬ ಇಬ್ಬರು ಕೂಡುವ ತೆರೆದ ಕಾರನ್ನು ಹೊರತಂದಿತು. ಅದರ ಜೋಡಣೆ ನಡೆದದ್ದು ಗೋವೆಯಲ್ಲಿ; ಇಂಜಿನ್ ಫ್ರಾನ್ಸಿನ ರೆನೊ ಸಂಸ್ಥೆಯ 1,149 ಘನ ಸೆಂಟಿಮೀಟರಿನದು; ಮೈ ಫೈಬರಿನದು. ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಗದ ಈ ಕಾರಿಗೆ ಬಿಡಿಭಾಗಗಳ ಅಂಗಡಿಯೆಂಬುದಿಲ್ಲ. ಆದರೆ ಸೀಳಿದ ಫೈಬರಿಗೆ ನಾರಿನ ಬಟ್ಟೆ ಹಾಸಿ ರಾಳ ಬಳಿದು ಬೆಸೆಯುವ ಕಲೆಯನ್ನು ಘಟ್ಟದ ಕೆಳಗೆ ಮೀನುದೋಣಿಗಳನ್ನು ಸರಿಪಡಿಸುವವರು ಬಲ್ಲರು. ಕಾರಿನ ಮೈಗೆ ವೈದ್ಯ ದೋಣಿಯ ಕಟ್ಟೆಯಲ್ಲಿ ಸಿಗಬಹುದೆಂಬುದು ಹೊಸ ಒಡೆಯನಿಗೆ ಹೊಳೆಯದ, ಆದರೆ ಈ ಜಿಲ್ಲೆಯ ಭೂಗೋಲ ಸೂಚಿಸುವ ಉಪಾಯ.

6. ದುರಸ್ತಿಯ ಕ್ರಮ

ಗ್ರಂಥಸಂಪಾದಕನು ಓಲೆಗರಿಯನ್ನು ಕೈಗೆತ್ತಿಕೊಂಡಾಗ ಮೊದಲು ಮಾಡುವ ಕೆಲಸ ತಿದ್ದುವುದಲ್ಲ, ಇದ್ದುದನ್ನು ಇದ್ದಂತೆ ಬರೆದುಕೊಳ್ಳುವುದು. ಹಳೆಯ ಕಾರಿಗೂ ಇದೇ ನ್ಯಾಯ. ಯಾವ ಭಾಗವನ್ನು ಬಿಚ್ಚುವ ಮೊದಲೂ ಚಿತ್ರ ತೆಗೆಯಬೇಕು, ಬಿಚ್ಚಿದುದಕ್ಕೆ ಚೀಟಿ ಕಟ್ಟಬೇಕು. ಚಾಸಿಯ ಮತ್ತು ಇಂಜಿನ್ನಿನ ಸಂಖ್ಯೆಗಳನ್ನು ಆರ್.ಸಿ. ಪುಸ್ತಕದೊಡನೆ ತಾಳೆನೋಡಬೇಕು. ನೋಂದಣಿಯ ಅಕ್ಷರಗಳೂ ಸಾಕ್ಷಿ ನುಡಿಯುತ್ತವೆ: ಮೈಸೂರು ರಾಜ್ಯದ ಕಾಲದ ಗಾಡಿಯಲ್ಲಿ ‘ಎಂ.ವೈ.’ ಎಂಬ ಆರಂಭವಿದ್ದರೆ, 1989ರ ಅನಂತರ ನೋಂದಣಿಯಾದುದರಲ್ಲಿ ‘ಕೆ.ಎ.’ ಎಂದಿರುತ್ತದೆ, ಇಂದು ದಾಂಡೇಲಿಯ ಕಚೇರಿಯ ಸಂಖ್ಯೆ 65. ಬಣ್ಣದ ಪದರಗಳು, ಪುಟ್ಟಿಯ ದಪ್ಪ, ಬೆಸುಗೆಯ ಗೆರೆ, ಇವೆಲ್ಲ ಹಿಂದಿನ ಒಡೆಯರ ಸ್ಥಿತಿಗತಿಗಳನ್ನು ಹೇಳುವ ಪಾಠಾಂತರಗಳು.

ಕೆಲಸದ ಅನುಕ್ರಮವೂ ಮುಖ್ಯ. ಮೊದಲ ಒಡೆಯನ ಮನಸ್ಸು ಬಣ್ಣದ ಕಡೆಗೆ ಓಡುತ್ತದೆ. ಅನುಭವಿಗಳು ಬಣ್ಣವನ್ನು ಕೊನೆಗೆ ಇಡುತ್ತಾರೆ. ಮೊದಲನೆಯದು ಬ್ರೇಕು, ಹಳೆಯ ಬ್ರೇಕಿನ ಪಟ್ಟಿಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಅದರ ಧೂಳನ್ನು ಗಾಳಿಯಿಂದ ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಜ್ಯಾಕಿನ ಮೇಲೊಂದನ್ನೇ ನಂಬಿ ಗಾಡಿಯ ಅಡಿಗೆ ಹೋಗಬಾರದು. ಗಟ್ಟಿಯಾದ ಸ್ಟ್ಯಾಂಡಿನ ಆಸರೆ ಬೇಕು. ಎರಡನೆಯದು ಪೆಟ್ರೋಲಿನ ದಾರಿ. ಈಗ ದೊರೆಯುವ ಪೆಟ್ರೋಲಿನಲ್ಲಿ 20 ಪ್ರತಿಶತದವರೆಗೆ ಎಥನಾಲ್ ಬೆರೆತಿರುತ್ತದೆ. ಹಳಿಯಾಳದ ಸುತ್ತ ಬೆಳೆಯುವಂಥ ಕಬ್ಬಿನಿಂದಲೂ ಧಾನ್ಯಗಳಿಂದಲೂ ತಯಾರಾಗುವ ಈ ದ್ರವ ಹಳೆಯ ರಬ್ಬರಿನ ಕೊಳವೆಗಳನ್ನು ಉಬ್ಬಿಸಿ ಸೀಳುತ್ತದೆ, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಕೊಳವೆಗಳನ್ನು ಬದಲಿಸಬೇಕು, ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದಾದರೆ ಟಾಕಿಯಲ್ಲಿ ಹಳೆಯ ಪೆಟ್ರೋಲನ್ನು ಬಿಡಬಾರದು. ಮೂರನೆಯದು ವಿದ್ಯುತ್ತಿನ ತಂತಿ. ಟಿ.ಸಿ. ಮಾದರಿಯಲ್ಲಿ ಬ್ಯಾಟರಿಯ ಧನ ಧ್ರುವ ಚಾಸಿಗೆ ಸೇರಿರುತ್ತದೆ. ಇಂದಿನ ಕಾರುಗಳಲ್ಲಿ ಋಣ ಧ್ರುವ. ಇದನ್ನು ತಿಳಿಯದೆ ಜೋಡಿಸಿದರೆ ಅನರ್ಥ. ಇಷ್ಟಾದ ಮೇಲೆ ತಂಪುಗೊಳಿಸುವ ನೀರಿನ ದಾರಿ, ಬಳಿಕ ತುಕ್ಕು, ಕಟ್ಟಕಡೆಗೆ ಬಣ್ಣ.

7. ಕಾನೂನು ಹೇಳುವ ಮೂಲರೂಪ

2021ರ ಜುಲೈ ತಿಂಗಳಲ್ಲಿ ಕೇಂದ್ರ ಸರಕಾರವು ಮೋಟಾರು ವಾಹನ ನಿಯಮಗಳನ್ನು ತಿದ್ದಿ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ವರ್ಗವನ್ನು ಕಲ್ಪಿಸಿತು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000 ರೂಪಾಯಿ, ಸಂಖ್ಯೆಯಲ್ಲಿ ‘ವಿ.ಎ.’ ಎಂಬ ಅಕ್ಷರಗಳು. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ದುರಸ್ತಿ ಮೊದಲಾದ ಕಾರಣಗಳಿಗೆ ಮಾತ್ರ ಅಂಥ ಗಾಡಿಯನ್ನು ರಸ್ತೆಗೆ ತರಬಹುದು. ಇಲ್ಲಿ ನಮಗೆ ಮುಖ್ಯವಾದದ್ದು ಇನ್ನೊಂದು ಷರತ್ತು: ವಾಹನವು ಮೂಲರೂಪದಲ್ಲಿ ಉಳಿದಿರಬೇಕು, ಚಾಸಿ, ಮೈಕಟ್ಟು ಅಥವಾ ಇಂಜಿನ್ನಿನಲ್ಲಿ ಗಣನೀಯ ಮಾರ್ಪಾಟು ಆಗಿರಬಾರದು.

ಈ ನಿಯಮದ ಸದುದ್ದೇಶ ಸ್ಪಷ್ಟವಾಗಿದೆ. ಹಳೆಯ ಗಾಡಿಯ ಹೆಸರಿನಲ್ಲಿ ಹೊಸದನ್ನು ಓಡಿಸುವ ವಂಚನೆಯನ್ನು ಅದು ತಡೆಯುತ್ತದೆ. ಗುಜರಿಗೆ ಹೋಗಬಹುದಾಗಿದ್ದ ಗಾಡಿಗಳಿಗೆ ಮರ್ಯಾದೆ ಕೊಡುತ್ತದೆ. ಆದರೆ ಈ ಮೇಲೆ ವಿವರಿಸಿದ ಆಮದಿನ ನೀತಿಯನ್ನು ನೆನೆದರೆ ಒಂದು ತೊಡಕು ಕಾಣುತ್ತದೆ. ಬಿಡಿಭಾಗಗಳ ದಾರಿಯನ್ನು ಮುಚ್ಚಿದ್ದು ರಾಜ್ಯದ ನೀತಿ. ಆ ನೀತಿಯ ಅಡಿಯಲ್ಲಿ ಕಾರನ್ನು ಜೀವಂತ ಉಳಿಸಿದ್ದು ಬದಲಿ ಇಂಜಿನ್ನು, ಬದಲಿ ಚೌಕಟ್ಟು. ಈಗ ಆ ಬದಲಿಗಳೇ ಅನರ್ಹತೆಯ ಕಾರಣವಾಗಬಹುದು. ಉಪಯೋಗಿಸದೆ ಕೊಟ್ಟಿಗೆಯಲ್ಲಿ ಮುಚ್ಚಿಟ್ಟ ಸಿರಿವಂತರ ಕಾರು ಮಾನ್ಯವಾಗಿ, ದುಡಿದ ಕಾರು ಅಮಾನ್ಯವಾದರೆ, ನಮ್ಮ ಮೋಟಾರು ಚರಿತ್ರೆಯ ಅರ್ಧ ಭಾಗ ಅಳಿಸಿಹೋದಂತೆ.

ಬದಲಿ ಎಂಬುದನ್ನು ಎಲ್ಲಿ ಅಳೆಯಬೇಕೆಂಬುದೂ ಸುಲಭವಲ್ಲ. 1955ರಲ್ಲಿ ಬಂದ ಎಂ.ಜಿ.ಎ. ಎಂಬ ಸ್ಪೋರ್ಟ್ಸ್ ಕಾರಿನ ಇಂಜಿನ್ 1,489 ಘನ ಸೆಂಟಿಮೀಟರಿನದು. ನಮ್ಮ ಆ್ಯಂಬ್ಯಾಸಿಡರ್ ಕಾರಿನಲ್ಲಿ ದಶಕಗಳ ಕಾಲ ಓಡಿದ 1,489ರ ಪೆಟ್ರೋಲ್ ಇಂಜಿನ್ ಅದೇ ಕುಲದ್ದು; ಕಾರ್ಬುರೇಟರು ಮೊದಲಾದವುಗಳಲ್ಲಿ ಮಾತ್ರ ಭೇದ. ಆ್ಯಂಬ್ಯಾಸಿಡರಿನ ಭಾಗಗಳಿಂದ ಬದುಕಿದ ಎಂ.ಜಿ.ಎ. ಮೂಲರೂಪದ್ದೋ ಮಾರ್ಪಟ್ಟದ್ದೋ? ಡೀಸೆಲ್ ಇಂಜಿನ್ ಕೂಡಿಸಿಕೊಂಡ ಕಾರಿಗೂ ಇದಕ್ಕೂ ಒಂದೇ ನ್ಯಾಯವೇ? ಟಿ.ಸಿ.ಯ ಚೌಕಟ್ಟಿನಲ್ಲಿ ಅದೇ ಆಕಾರದ, ಅದೇ ಅಳತೆಯ ತೇಗವಿದ್ದರೆ ಅದು ಮಾರ್ಪಾಟೋ, ಸಂರಕ್ಷಣೆಯೋ? ದೇವಾಲಯದ ಜೀರ್ಣೋದ್ಧಾರದಲ್ಲಿ ಹಳೆಯ ಕಲ್ಲು ಸಿಗದೆ ಬೇರೆ ಕಲ್ಲನ್ನು ಇಟ್ಟಾಗ ನಾವು ಅದನ್ನು ಜೀರ್ಣೋದ್ಧಾರದ ಕಾಲದ ದಾಖಲೆಯಾಗಿ ಓದುತ್ತೇವೆ. ಕಾರಿಗೆ ಆ ಗೌರವವನ್ನು ನಿರಾಕರಿಸಲು ಕಾರಣ ಕಾಣದು.

8. ಉಪಸಂಹಾರ

ಮೇಲ್ಕಂಡ ವಿವೇಚನೆಯಿಂದ ಎರಡು ನಿರ್ಣಯಗಳು ಫಲಿಸುತ್ತವೆ. ಮೊದಲನೆಯದಾಗಿ, ಒಡೆಯನು ಅಪಾಯವನ್ನು ತಂದೊಡ್ಡುವ ದುರಸ್ತಿಯನ್ನು ತೆಗೆದುಹಾಕಲೇಬೇಕು. ಆದರೆ ಸುರಕ್ಷಿತವಾಗಿ ಕೆಲಸ ಮಾಡುತ್ತಿರುವ ಹಳೆಯ ದುರಸ್ತಿಯನ್ನು ಪರದೇಶದಿಂದ ತರಿಸಿದ ‘ಅಸಲಿ’ ಭಾಗಕ್ಕಾಗಿ ಎಸೆಯುವ ಮೊದಲು ಎರಡು ಬಾರಿ ಯೋಚಿಸಬೇಕು. ಎಸೆದರೂ ಅದರ ಚಿತ್ರವನ್ನೂ ಅಳತೆಯನ್ನೂ ಬರೆದಿಡಬೇಕು. ಎರಡನೆಯದಾಗಿ, ನಿಯಮವನ್ನು ಅನ್ವಯಿಸುವವರು ಕಾಲಕ್ಕೆ ತಕ್ಕ ದುರಸ್ತಿ ಮತ್ತು ಇತ್ತೀಚಿನ ಮಾರ್ಪಾಟು ಎಂಬ ಭೇದವನ್ನು ಮಾಡಬೇಕು. ಅಂಥ ಭೇದಕ್ಕೆ ಆಧಾರ ಬೇಕಾಗುತ್ತದೆ. ಆ ಆಧಾರ ಮೇಸ್ತ್ರಿಯ ನೆನಪಿನಲ್ಲಿಯೂ ಗ್ಯಾರೇಜಿನ ಹಳೆಯ ಬಿಲ್ಲುಗಳಲ್ಲಿಯೂ ಇದೆ.

ದಾಂಡೇಲಿ, ಹಳಿಯಾಳಗಳ ಕಾಲೇಜು ವಿದ್ಯಾರ್ಥಿಗಳು ಈ ಕೆಲಸಕ್ಕೆ ದೂರ ಹೋಗಬೇಕಾಗಿಲ್ಲ. ಮರದ ಲಾರಿಗಳ ಕಾಲದಿಂದ ಕೈಕೆಲಸ ಮಾಡಿದ ಹಿರಿಯ ಮೇಸ್ತ್ರಿಗಳು, ಬಡಿಗರು, ಲೇಥಿನವರು ಇನ್ನೂ ಇದ್ದಾರೆ. ಅವರ ಮಕ್ಕಳಲ್ಲಿ ಬಹಳಷ್ಟು ಮಂದಿ ಬೇರೆ ಉದ್ಯೋಗ ಹಿಡಿದಿದ್ದಾರೆ. ಯಾವ ಗಾಡಿಗೆ ಯಾವ ಭಾಗವನ್ನು, ಯಾವ ವರ್ಷ, ಯಾವ ಕಾರಣಕ್ಕೆ ಹೊಂದಿಸಿದಿರಿ ಎಂದು ಅವರನ್ನು ಕೇಳಿ ಬರೆದುಕೊಳ್ಳುವುದು ಒಂದು ಪ್ರಬಂಧಕ್ಕೆ ಸಾಲುವ ವಿಷಯ. ಶಾಸನದ ಕಲ್ಲು ಮಳೆಗೆ ನಿಧಾನವಾಗಿ ಸವೆಯುತ್ತದೆ; ಮೇಸ್ತ್ರಿಯ ನೆನಪಿಗೆ ಅಷ್ಟು ಅವಧಿಯಿಲ್ಲ.